ಲೆಕ್ಕದ ಕಡತ ಪರದೆಗೆ ಅಂಟಿಕೊಳ್ಳದಿರಲಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಲಿನ ಸಂಘ, ಪತ್ತಿನ ಸಹಕಾರ ಸಂಘ, ಅಡಿಕೆ ಮಂಡಿ, ಶಾಲಾ ಕಚೇರಿಗಳಲ್ಲಿ ಹಳೆಯ ಕಂಪ್ಯೂಟರ್ ಬದಲಿಸುವ ಮಾತು ಬಂದಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ‘ಹೊಸ ಸಾಫ್ಟ್‌ವೇರ್‌ಗೆ ನಮ್ಮ ಹಳೆಯ ಲೆಕ್ಕ ಬರುತ್ತದೆಯೇ?’ ಇದಕ್ಕೆ ಉತ್ತರ ಹೊಸದನ್ನು ಮಾರುವವರ ಕೈಯಲ್ಲಿಲ್ಲ. ಹಳೆಯದನ್ನು ಬರೆದ ದಿನವೇ ಅದು ತೀರ್ಮಾನವಾಗಿ ಹೋಗಿರುತ್ತದೆ. ಅಂದು ದತ್ತಾಂಶವನ್ನು ಪರದೆಯ ಆಕಾರದಲ್ಲಿ ಬರೆದಿಟ್ಟಿದ್ದರೆ ಇಂದು ಸಂಕಟ. ಪರದೆಯ ಗೊಡವೆಯಿಲ್ಲದೆ ಬರೆದಿಟ್ಟಿದ್ದರೆ ಒಂದೆರಡು ದಿನದ ಕೆಲಸ. ತಂತ್ರಾಂಶ ಬರೆಯುವವರೂ ಬರೆಸುವವರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬ ಕಳಕಳಿಯಿಂದ ಈ ಪತ್ರ.

ಯಾವುದೇ ಲೆಕ್ಕದ ತಂತ್ರಾಂಶದಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು ಪರದೆ: ಫಾರಂ, ಬಟನ್, ಪಟ್ಟಿ, ಬಣ್ಣ. ಇನ್ನೊಂದು ಸಂಗ್ರಹ: ಟೇಬಲ್‌ಗಳು, ಅವುಗಳ ನಿಯಮ, ಬರೆಯುವ ಮತ್ತು ಓದುವ ಕ್ರಮ. ಇವೆರಡರ ಆಯುಸ್ಸು ಒಂದೇ ಅಲ್ಲ. ಪರದೆ ಕಟ್ಟುವ ಸಾಧನಗಳನ್ನು ನೋಡಿ: 1998ರ ವಿಷುಯಲ್ ಬೇಸಿಕ್ 6ರ ಬೆಂಬಲ 2008ಕ್ಕೆ ನಿಂತಿತು. ಫ್ಲ್ಯಾಶ್ 2020ರ ಕೊನೆಗೆ ಹೋಯಿತು, ಸಿಲ್ವರ್‌ಲೈಟ್ 2021ರ ಅಕ್ಟೋಬರಿನಲ್ಲಿ, ಆಂಗ್ಯುಲರ್‌ಜೆಎಸ್ ಅದೇ ವರ್ಷದ ಕೊನೆಗೆ. ಆಂಡ್ರಾಯ್ಡ್‌ನಲ್ಲಂತೂ ಎಕ್ಸ್‌ಎಂಎಲ್ ಫಾರಂಗಳನ್ನು ಕಲಿತು ಮುಗಿಸುವಷ್ಟರಲ್ಲಿ 2021ರಲ್ಲಿ ಜೆಟ್‌ಪ್ಯಾಕ್ ಕಂಪೋಸ್ ಬಂತು. ಇತ್ತ ದತ್ತಾಂಶ ಸಂಗ್ರಹಿಸುವ ಎಸ್‌ಕ್ಯೂಲೈಟ್ 3 ಎಂಬ ಡೇಟಾಬೇಸ್‌ನ ಕಡತ ವಿನ್ಯಾಸ 2004ರಿಂದ ಹಿಂದಿನದಕ್ಕೆ ಹೊಂದಿಕೊಂಡೇ ಬಂದಿದೆ. 2050ರವರೆಗೂ ಬೆಂಬಲಿಸುವ ಉದ್ದೇಶವಿದೆ ಎಂದು ಅದನ್ನು ಬರೆದವರೇ ಹೇಳಿದ್ದಾರೆ. ಹತ್ತು ವರ್ಷ ಬಾಳದ ವಸ್ತುವಿಗೆ ಐವತ್ತು ವರ್ಷ ಬಾಳಬೇಕಾದ ವಸ್ತುವನ್ನು ಮೊಳೆ ಹೊಡೆದು ಕೂರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಹಾಲಿನ ಸಂಘದ ಲೆಕ್ಕವನ್ನೇ ಉದಾಹರಣೆಯಾಗಿ ನೋಡೋಣ. ಸದಸ್ಯರ ಸಂಖ್ಯೆ, ಬೆಳಗಿನ ಹಾಲೋ ಸಂಜೆಯದೋ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ. ಪರದೆಯಲ್ಲಿ ಹಾಲಿನ ಬಗೆ ಆರಿಸಲು ಒಂದು ಇಳಿಪಟ್ಟಿ: ಹಸು, ಎಮ್ಮೆ, ಮಿಶ್ರ. ಅವಸರದಲ್ಲಿ ಬರೆದ ಪ್ರೋಗ್ರಾಂ, ಆರಿಸಿದ ಸಾಲಿನ ಕ್ರಮಸಂಖ್ಯೆಯನ್ನೇ ಟೇಬಲ್‌ಗೆ ಬರೆಯುತ್ತದೆ: ಹಸುವಿಗೆ 0, ಎಮ್ಮೆಗೆ 1, ಮಿಶ್ರಕ್ಕೆ 2. ಎರಡು ವರ್ಷದ ಮೇಲೆ ಯಾರೋ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುತ್ತಾರೆ. ಈಗ ಎಮ್ಮೆ 0, ಮಿಶ್ರ 1, ಹಸು 2. ಒಂದು ಸಾಲು ದತ್ತಾಂಶವೂ ಬದಲಾಗಿಲ್ಲ, ಯಾವ ದೋಷಸಂದೇಶವೂ ಬಂದಿಲ್ಲ. ಆದರೆ ಎರಡು ವರ್ಷದ ಹಸುವಿನ ಹಾಲೆಲ್ಲ ಎಮ್ಮೆಯದಾಗಿದೆ. ಜಾವಾ, ಕೋಟ್ಲಿನ್‌ನಲ್ಲಿ ಎನಮ್ ಎಂಬ ಆಯ್ಕೆಪಟ್ಟಿಯ ಆರ್ಡಿನಲ್ (ಕ್ರಮ) ಸಂಖ್ಯೆಯನ್ನು ಉಳಿಸಿದರೂ ಆಗುವುದು ಇದೇ. ಹಾಲಿನ ಬಗೆಗೆ ತನ್ನದೇ ಆದ, ಎಂದೂ ಬದಲಾಗದ ಸಂಕೇತವಿರಬೇಕು. ಪಟ್ಟಿಯಲ್ಲಿ ಅದು ಎಷ್ಟನೆಯದು ಎಂಬುದು ಪರದೆಗೆ ಮಾತ್ರ ಸೇರಿದ ಸಂಗತಿ.

ಮೊತ್ತದ ವಿಷಯ ಇನ್ನೂ ಸೂಕ್ಷ್ಮ. ಪರದೆಯ ಮೇಲೆ 1,25,000 ಎಂದು ಅಲ್ಪವಿರಾಮ ಹಾಕಿ ತೋರಿಸುವುದು ಓದುವವರಿಗೆ ಅನುಕೂಲ. ಅದೇ ಪಠ್ಯವನ್ನು ಹಾಗೇ ಉಳಿಸಿದರೆ, ವಿಷುಯಲ್ ಬೇಸಿಕ್‌ನ ವ್ಯಾಲ್ ಎಂಬ ಫಂಕ್ಷನ್ ಅದನ್ನು ಓದುವಾಗ ಮೊದಲ ಅಲ್ಪವಿರಾಮದಲ್ಲೇ ನಿಂತುಬಿಡುತ್ತದೆ. ಒಂದೂಕಾಲು ಲಕ್ಷ ರೂಪಾಯಿ ಒಂದು ರೂಪಾಯಿಯಾಗುತ್ತದೆ. ಪಠ್ಯವಾಗಿ ವಿಂಗಡಿಸಿದರೆ 9,500 ಎಂಬುದು 1,25,000ಕ್ಕಿಂತ ದೊಡ್ಡದು. ದಿನಾಂಕದ್ದೂ ಇದೇ ಕಥೆ. 05/04/2024 ಎಂದು ಪಠ್ಯವಾಗಿ ಉಳಿಸಿದ್ದು, ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಮೇ 4 ಆಗುತ್ತದೆ. ವಿಷುಯಲ್ ಬೇಸಿಕ್‌ನಲ್ಲಿ 25/04/2024 ಮಾತ್ರ ಸರಿಯಾಗಿಯೇ ಏಪ್ರಿಲ್ 25 ಎಂದು ಓದಿಕೊಳ್ಳುತ್ತದೆ, ಏಕೆಂದರೆ 25ನೇ ತಿಂಗಳಿಲ್ಲ. ಹೀಗಾಗಿ ಪ್ರತಿ ತಿಂಗಳ ಮೊದಲ 12 ದಿನದ ದಾಖಲೆ ಅಡ್ಡಾದಿಡ್ಡಿ, ಉಳಿದದ್ದು ಸರಿ. ಅರ್ಧ ಸರಿಯಿರುವ ಲೆಕ್ಕವನ್ನು ಪತ್ತೆ ಹಚ್ಚುವುದು ಪೂರ್ತಿ ತಪ್ಪಿದ ಲೆಕ್ಕಕ್ಕಿಂತ ಕಷ್ಟ.

ಸಂಗ್ರಹದಲ್ಲಿ ಮೊತ್ತ ಪೈಸೆಯಲ್ಲಿ ಪೂರ್ಣಾಂಕವಾಗಿರಲಿ, ಹಾಲು ಮಿಲಿಲೀಟರಿನಲ್ಲಿ, ಫ್ಯಾಟ್ 4.1 ಎಂಬುದು 41 ಎಂದು. ದಿನಾಂಕ 2024-04-05 ಎಂಬ ವರ್ಷ, ತಿಂಗಳು, ದಿನದ ಕ್ರಮದಲ್ಲಿರಲಿ. ಅಲ್ಪವಿರಾಮ, ರೂಪಾಯಿ ಚಿಹ್ನೆ, ಕನ್ನಡ ಅಂಕಿ, ಕೆಂಪು ಬಣ್ಣ ಎಲ್ಲವೂ ಪರದೆಗೆ ಹೋಗುವ ದಾರಿಯಲ್ಲಿ ಸೇರಿಕೊಳ್ಳಲಿ. ಪರದೆಯಿಂದ ಒಳಬರುವಾಗ ಕಳಚಿಕೊಳ್ಳಲಿ.

ದರವನ್ನು ಟೇಬಲ್‌ನಲ್ಲಿ ಉಳಿಸದೆ, ಪರದೆ ತೆರೆದಾಗ ಲೆಕ್ಕ ಹಾಕಿ ತೋರಿಸುವ ತಪ್ಪೂ ಸಾಮಾನ್ಯ. ದರಪಟ್ಟಿ ಬದಲಾದ ದಿನ ಹಿಂದಿನ ತಿಂಗಳ ಬಿಲ್ ತೆರೆದರೆ ಹೊಸ ದರದಲ್ಲಿ ಕಾಣಿಸುತ್ತದೆ. ಸದಸ್ಯರ ಕೈಯಲ್ಲಿರುವ ಮುದ್ರಿತ ಚೀಟಿಗೂ ಕಂಪ್ಯೂಟರಿಗೂ ತಾಳೆಯಾಗುವುದಿಲ್ಲ. ಹಾಲು ಅಳೆದ ಹೊತ್ತಿನಲ್ಲಿ ಯಾವ ದರ ಅನ್ವಯವಾಯಿತೋ ಅದು ಆ ಸಾಲಿನ ಜತೆಯಲ್ಲೇ ದಾಖಲಾಗಬೇಕು. ಫ್ಯಾಟ್ ಮತ್ತು ಲ್ಯಾಕ್ಟೋಮೀಟರ್ ಓದಿನಿಂದ ಎಸ್‌ಎನ್‌ಎಫ್ ತೆಗೆಯುವ ಸೂತ್ರಕ್ಕೂ ಇದೇ ಮಾತು: ಅದು ‘ಉಳಿಸು’ ಬಟನ್ನಿನ ಹಿಂದೆ ಬಚ್ಚಿಟ್ಟುಕೊಂಡಿರಬಾರದು. ಬಟನ್ ಹೋದ ದಿನ ಸೂತ್ರವೂ ಹೋಗುತ್ತದೆ.

ಕನ್ನಡದ ಮಟ್ಟಿಗೆ ಈ ಪಾಠವನ್ನು ನಾವು ಒಮ್ಮೆ ದೊಡ್ಡ ಬೆಲೆ ತೆತ್ತು ಕಲಿತಿದ್ದೇವೆ. 2001ರ ವಿಂಡೋಸ್ ಎಕ್ಸ್‌ಪಿ ಜತೆ ತುಂಗಾ ಫಾಂಟ್ ಬರುವವರೆಗೆ ವಿಂಡೋಸ್‌ಗೆ ತಾನಾಗಿ ಕನ್ನಡ ಬರುತ್ತಿರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ, ನಾಡಿನ ಕಚೇರಿಗಳಲ್ಲಿ ಕನ್ನಡ ಮೂಡುವಂತೆ ಮಾಡಿದವು. ಆ ಕಾಲಕ್ಕೆ ಅದು ನಿಜವಾದ ಸಾಧನೆ, ಅದರ ಋಣ ನಮ್ಮ ಮೇಲಿದೆ. ತೊಂದರೆ ಬಂದದ್ದು ಆ ಆಕಾರಗಳ ಸಂಕೇತವನ್ನೇ ಡೇಟಾಬೇಸ್‌ಗೆ ಬರೆದಾಗ. ನುಡಿಯ ಹಳೆಯ ಫಾಂಟುಗಳಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ, ಎರಡು ತುಂಡು: ಕೆಳಗಿನ ಮೈ ಒಂದು, ತಲೆಕಟ್ಟು ಇನ್ನೊಂದು. ಮೈಯ ಸಂಕೇತ ಇಂಗ್ಲಿಷಿನ ದೊಡ್ಡಕ್ಷರ ‘ಪಿ’ಯದೇ. ಅಂದರೆ ಟೇಬಲ್‌ನಲ್ಲಿ ಕುಳಿತದ್ದು ಭಾಷೆಯಲ್ಲ, ಪರದೆಯ ಮೇಲಿನ ಚಿತ್ರ.

ಯಾವ ಅಂಕಣ ಕನ್ನಡ, ಯಾವುದು ಇಂಗ್ಲಿಷ್ ಎಂಬ ಮಾಹಿತಿ ಎಲ್ಲಿತ್ತು? ಫಾರಂನ ಪಠ್ಯಪೆಟ್ಟಿಗೆಯ ಫಾಂಟ್ ಎಂಬ ಗುಣದಲ್ಲಿ. ಟೇಬಲ್‌ನಲ್ಲಿ ಅಲ್ಲ. ಪ್ರೋಗ್ರಾಂ ತೆಗೆದುಹಾಕಿ ಟೇಬಲ್ ಮಾತ್ರ ತೆರೆದರೆ, ಒಂದು ಸಾಲು ಸದಸ್ಯರ ಹೆಸರೋ ಯಾವುದೋ ಯುರೋಪಿನ ಲಿಪಿಯ ಚೂರೋ ತಿಳಿಯದು. ವಿದ್ಯಾರ್ಹತೆಯ ಅಂಕಣದಲ್ಲಿ ಒಬ್ಬರು ಕನ್ನಡದಲ್ಲೂ ಇನ್ನೊಬ್ಬರು ಇಂಗ್ಲಿಷಿನಲ್ಲಿ ‘ಪಿಯುಸಿ’ ಎಂದೂ ತುಂಬಿದ್ದರೆ, ಪರಿವರ್ತಕ ಎರಡನೆಯದನ್ನೂ ಕನ್ನಡವೆಂದು ಭಾವಿಸಿ, ತಲೆಕಟ್ಟಿಲ್ಲದ ‘ಕ’ದ ಮೈಯಿಂದ ಶುರುವಾಗುವ ಅರ್ಥವಿಲ್ಲದ ಗೀಚು ಮಾಡಿಕೊಡುತ್ತದೆ. ಅರ್ಕಾವೊತ್ತಿನದು ಇನ್ನೊಂದು ಗೋಳು. ‘ಧರ್ಮ’ ಎಂಬಲ್ಲಿ, ಎಲ್ಲ ಭಾಷೆಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನೇ ಹಿಡಿಯುತ್ತದೆ: ಧ, ರ, ಹಲಂತ, ಮ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ಧ, ಮ, ಆಮೇಲೆ ಅರ್ಕಾವೊತ್ತು. ಪರಿವರ್ತಿಸುವಾಗ ಆ ‘ರ್’ ಅನ್ನು ಹಿಂದಿನ ಇಡೀ ಅಕ್ಷರದ, ಅದರ ಒತ್ತು ಮತ್ತು ಗುಣಿತವೂ ಸೇರಿದಂತೆ, ಮೊದಲಿಗೆ ತಂದು ಕೂರಿಸಬೇಕು. ಇಲ್ಲಿ ಎಡವಿದ ಪರಿವರ್ತಕಗಳಿಂದಲೇ ಹೆಸರುಗಳು ವಿರೂಪವಾಗುವುದು.

ಯೂನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ‘ಶ್ರೀನಿವಾಸಮೂರ್ತಿ’ ಕಣ್ಣಿಗೆ 6 ಅಕ್ಷರ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ 15. ಆ ಸಂಕೇತಗಳನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಆದ್ದರಿಂದ 45 ಬೈಟ್. ಪರದೆಯ ಪೆಟ್ಟಿಗೆಗೆ 40ರ ಮಿತಿ ಹಾಕಿದವರು ಸಂಕೇತಗಳನ್ನು ಎಣಿಸಿರುತ್ತಾರೆ, ಬೈಟ್ ಎಣಿಸುವ ಅಂಕಣಕ್ಕೆ ಅದೇ 40 ಹಾಕಿದರೆ ಪರದೆ ಒಪ್ಪಿದ ಹೆಸರನ್ನು ಟೇಬಲ್ ಒಪ್ಪುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ನಲ್ಲಿ ವಾರ್‌ಚಾರ್ ಬಗೆಯ ಅಂಕಣಕ್ಕೆ ಕನ್ನಡ ಬರೆದರೆ, ಯುಟಿಎಫ್-8 ಕೊಲೇಷನ್ (ಅಕ್ಷರಗಳ ಸಂಕೇತ, ವಿಂಗಡಣೆಯ ನಿಯಮ) ಇಲ್ಲದಿದ್ದಲ್ಲಿ, ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ, ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಬೇಕು. ‘ೋ’ ಎಂಬ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಒಬ್ಬರು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ. ಇವನ್ನೆಲ್ಲ ಪ್ರತಿ ಫಾರಂನಲ್ಲಿ ಪ್ರತ್ಯೇಕವಾಗಿ ಸರಿಪಡಿಸಲು ಹೊರಟರೆ ಮೊಬೈಲ್ ಆ್ಯಪ್‌ನಲ್ಲಿ ಒಂದು ರೀತಿ, ಕಚೇರಿಯ ಕಂಪ್ಯೂಟರ್‌ನಲ್ಲಿ ಇನ್ನೊಂದು ರೀತಿ ಆಗುವುದು ಖಚಿತ. ಸಂಗ್ರಹಕ್ಕೆ ಹೋಗುವ ಒಂದೇ ಬಾಗಿಲಲ್ಲಿ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು, ಹುಡುಕಾಟಕ್ಕಾಗಿ ಆ ಅದೃಶ್ಯ ಸಂಕೇತಗಳನ್ನು ತೆಗೆದ ಇನ್ನೊಂದು ಅಂಕಣ ಇಟ್ಟರೆ ಮುಗಿಯಿತು. ಮೂಲ ಹೆಸರನ್ನು ಸದಸ್ಯರು ಬರೆಸಿದಂತೆಯೇ ಉಳಿಸಬೇಕು.

ಈಗ ತಂತ್ರಾಂಶ ಬರೆಯುವ ಸಹೋದ್ಯೋಗಿಗಳಿಗೆ ನೇರವಾಗಿ. ಸಂಗ್ರಹದ ಕೋಡ್ ಬೇರೆ ಫೋಲ್ಡರ್‌ನಲ್ಲಿದ್ದರೆ ಸಾಲದು, ಬೇರೆ ಮಾಡ್ಯೂಲ್ ಆಗಿರಬೇಕು. ಪ್ರೋಗ್ರಾಂ ಕಟ್ಟುವ ಗ್ರೇಡಲ್ ಸಾಧನದಲ್ಲಾದರೆ ಆ ಮಾಡ್ಯೂಲ್‌ನ ಅವಲಂಬನೆಗಳ ಪಟ್ಟಿಯಲ್ಲಿ ಕಂಪೋಸ್, ಫ್ರ್ಯಾಗ್‌ಮೆಂಟ್‌ನಂಥ ಪರದೆಯ ಸಾಧನ ಇರಲೇಕೂಡದು. ಆಗ ಯಾರೋ ಅವಸರಕ್ಕೆ ಪರದೆಯ ಕ್ಲಾಸ್ ಒಂದನ್ನು ಅಲ್ಲಿ ಬಳಸಿದರೆ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರೇ ತಡೆಯುತ್ತದೆ. ನೆನಪಿನ ಶಿಸ್ತಿಗಿಂತ ಕಂಪೈಲರ್ ನಂಬಿಕಸ್ಥ. ಪರದೆಗೆ ಸಂಗ್ರಹ ಗೊತ್ತಿರಬಹುದು, ಸಂಗ್ರಹಕ್ಕೆ ಪರದೆ ಗೊತ್ತಿರಬಾರದು. ‘ಹಾಗಾದರೆ ಹೊಸ ಸಾಲು ಸೇರಿದಾಗ ಪಟ್ಟಿ ತಾನಾಗಿ ಬದಲಾಗುವುದು ಹೇಗೆ?’ ಎಂಬ ಪ್ರಶ್ನೆ ಬರುತ್ತದೆ. ಸಂಗ್ರಹ ‘ಈ ಟೇಬಲ್ ಬದಲಾಯಿತು’ ಎಂದು ಸಾರುತ್ತದೆ, ಅಷ್ಟೇ. ಬೇಕಾದ ಪರದೆ ಕಿವಿಗೊಡುತ್ತದೆ. ಕೋಟ್ಲಿನ್‌ನ ಫ್ಲೋ ಇದಕ್ಕೆ ಸಾಕು, ಅದು ಭಾಷೆಯ ಗ್ರಂಥಾಲಯ, ಪರದೆಯದಲ್ಲ. ಲೈವ್‌ಡೇಟಾ ಆಂಡ್ರಾಯ್ಡ್ ಪರದೆಯ ಜೀವನಚಕ್ರಕ್ಕೆ ಕಟ್ಟಿದ್ದು, ಅದನ್ನು ಪರದೆಯ ಬದಿಯಲ್ಲೇ ಬಿಡುವುದು ಲೇಸು. ಐಫೋನಿನ ಪರದೆ ಕಟ್ಟುವ ಸ್ವಿಫ್ಟ್‌ಯುಐಯಲ್ಲಿ ವ್ಯೂ ಎಂಬ ಪರದೆಯ ಕೋಡ್ ಒಳಗೇ, ಸಂಗ್ರಹವನ್ನು ಕೇಳುವ ಫೆಚ್‌ರಿಕ್ವೆಸ್ಟ್ ಬರೆಯುವುದು ಬಹಳ ಸುಲಭ, ಮಾದರಿ ಕೋಡ್‌ಗಳಲ್ಲೂ ಹಾಗೇ ಇರುತ್ತದೆ. ನಾಲ್ಕಾರು ಪರದೆಗಳಿಗೆ ಅದು ಚೆಂದ. ನಲವತ್ತಾದಾಗ ಒಂದು ಅಂಕಣದ ಹೆಸರು ಬದಲಿಸಲು ನಲವತ್ತು ಕಡೆ ಕೈಹಾಕಬೇಕು.

ಡೇಟಾಬೇಸ್‌ನಿಂದ ಬಂದ ವಸ್ತುವನ್ನು ಹಾಗೇ ಪರದೆಗೆ ದಾಟಿಸುವುದೂ ಸೋರಿಕೆಯೇ. ಟೇಬಲ್‌ನ ಸಾಲನ್ನು ಪ್ರೋಗ್ರಾಂನ ವಸ್ತುವಾಗಿಸುವ ಹೈಬರ್ನೇಟ್‌ನಂಥ ಸಾಧನಗಳಲ್ಲಿ ಆ ವಸ್ತು ತನ್ನ ಸಂಬಂಧಿತ ಸಾಲುಗಳನ್ನು ಕೇಳಿದಾಗ ಮಾತ್ರ ತರುತ್ತದೆ. 200 ಸದಸ್ಯರ ಪಟ್ಟಿ ತೋರಿಸುವ ಪುಟ ಪ್ರತಿಯೊಬ್ಬರ ಬಾಕಿಯನ್ನೂ ಮುಟ್ಟಿದರೆ ಡೇಟಾಬೇಸ್‌ಗೆ 1 ಪ್ರಶ್ನೆ ಹೋಗಬೇಕಾದಲ್ಲಿ 201 ಹೋಗುತ್ತವೆ. ಡೇಟಾಬೇಸ್ ಜತೆಗಿನ ಸೆಷನ್ ಮುಚ್ಚಿದ್ದರೆ ಪುಟವೇ ಮುರಿದು ಬೀಳುತ್ತದೆ. ಐಫೋನಿನ ಸಂಗ್ರಹ ಸಾಧನವಾದ ಕೋರ್ ಡೇಟಾದ ವಸ್ತುಗಳನ್ನು ಒಂದು ಥ್ರೆಡ್‌ನಿಂದ (ಜತೆಜತೆಗೆ ಓಡುವ ಕೆಲಸದ ಎಳೆ) ಇನ್ನೊಂದಕ್ಕೆ ಕೊಡುವಂತೆಯೇ ಇಲ್ಲ. ಬೇಕಾದ ಅಂಕಣಗಳನ್ನಷ್ಟೇ ಹೊತ್ತ ಸಾದಾ, ಬದಲಿಸಲಾಗದ ಕ್ಲಾಸ್ ಒಂದಕ್ಕೆ ತುಂಬಿ ಕೊಡುವುದೇ ಪರಿಹಾರ.

ವಹಿವಾಟಿನ ಗಡಿಯನ್ನೂ ಬಟನ್ನಿಗೆ ಬಿಡಬಾರದು. ಒಂದು ಹೊತ್ತಿನ ಹಾಲು ದಾಖಲಾಗುವುದೆಂದರೆ ದಿನವಹಿಗೆ ಒಂದು ಸಾಲು, ಸದಸ್ಯರ ಬಾಕಿಗೆ ಒಂದು ಬದಲಾವಣೆ, ಸಂಘದ ಒಟ್ಟು ಹಾಲಿಗೆ ಇನ್ನೊಂದು. ಬಟನ್ನಿನ ಕೋಡ್ ಈ ಮೂರನ್ನೂ ಒಂದೊಂದಾಗಿ ಕರೆದು, ಎರಡನೆಯದಾದ ಮೇಲೆ ಕರೆಂಟ್ ಹೋದರೆ ಲೆಕ್ಕ ಎಂದೂ ತಾಳೆಯಾಗದು. ‘ಹಾಲು ದಾಖಲಿಸು’ ಎಂಬ ಒಂದೇ ಕರೆ ಸಂಗ್ರಹದ ಕಡೆ ಇರಲಿ, ಮೂರೂ ಒಂದೇ ಟ್ರಾನ್ಸಾಕ್ಷನ್ ಆಗಿ ಆಗಲಿ, ಇಲ್ಲವೇ ಒಂದೂ ಆಗದಿರಲಿ.

ಇಲ್ಲಿ ಒಂದು ಎಚ್ಚರಿಕೆ. ಪರದೆಯಿಂದ ಸ್ವತಂತ್ರವಾಗಿಸುವ ಉತ್ಸಾಹದಲ್ಲಿ ಡೇಟಾಬೇಸ್‌ನಿಂದಲೂ ಸ್ವತಂತ್ರವಾಗಿಸಲು ಹೊರಟು, ಯಾವ ಡೇಟಾಬೇಸ್‌ಗೂ ಹೊಂದುವ ಪದರದ ಮೇಲೆ ಪದರ ಕಟ್ಟುವವರಿದ್ದಾರೆ. ಅದು ಬೇರೆಯೇ ಗುರಿ, ಸಣ್ಣ ಸಂಸ್ಥೆಗೆ ಅದರ ಅಗತ್ಯ ಬಹುಪಾಲು ಇರುವುದಿಲ್ಲ. ಡೇಟಾಬೇಸ್‌ನ ಬಲವನ್ನು ಪೂರ್ತಿ ಬಳಸಿಕೊಳ್ಳಿ. ಫ್ಯಾಟ್ 0ಕ್ಕಿಂತ ಕಡಿಮೆಯಿರಬಾರದು ಎಂಬ ನಿಯಮ ಪರದೆಯಲ್ಲಿದ್ದರೆ ಆ ಪರದೆಗೆ ಮಾತ್ರ ಅನ್ವಯ. ಟೇಬಲ್‌ನ ಚೆಕ್ ನಿಯಮವಾಗಿದ್ದರೆ ಆ್ಯಪ್, ವೆಬ್, ಎಕ್ಸೆಲ್‌ನಿಂದ ತಂದ ಸಾಲು ಎಲ್ಲಕ್ಕೂ ಅನ್ವಯ. ಎಸ್‌ಕ್ಯೂಲೈಟ್ ಬಳಸುವವರು ಎರಡು ಸಂಗತಿ ಮರೆಯಬಾರದು. ಒಂದು ಟೇಬಲ್‌ನ ಸಾಲು ಇನ್ನೊಂದರಲ್ಲಿ ಇರುವ ಸಾಲನ್ನೇ ತೋರಿಸಬೇಕೆಂಬ ಫಾರಿನ್ ಕೀ ನಿಯಮ ಅಲ್ಲಿ ಸಾಮಾನ್ಯವಾಗಿ ಜಾರಿಯಲ್ಲಿರುವುದಿಲ್ಲ. ಪ್ರತಿ ಸಂಪರ್ಕ ತೆರೆದಾಗಲೂ ಪ್ರಾಗ್ಮಾ ಎಂಬ ಆದೇಶದ ಮೂಲಕ ಜಾರಿ ಮಾಡಬೇಕು. ಪೂರ್ಣಾಂಕದ ಅಂಕಣಕ್ಕೆ ‘4.1%’ ಎಂಬ ಪಠ್ಯ ಕೊಟ್ಟರೂ ಅದು ಸುಮ್ಮನೆ ಇಟ್ಟುಕೊಳ್ಳುತ್ತದೆ, 2021ರ 3.37ನೇ ಆವೃತ್ತಿಯಿಂದ ಬಂದ ಸ್ಟ್ರಿಕ್ಟ್ ಟೇಬಲ್ ಬಳಸಿದರೆ ಮಾತ್ರ ತಿರಸ್ಕರಿಸುತ್ತದೆ.

ಆಂಡ್ರಾಯ್ಡ್‌ನ ರೂಮ್ ಗ್ರಂಥಾಲಯದಲ್ಲಿ ‘ಫಾಲ್‌ಬ್ಯಾಕ್ ಟು ಡಿಸ್ಟ್ರಕ್ಟಿವ್ ಮೈಗ್ರೇಷನ್’ ಎಂಬ ಒಂದು ಸಾಲಿನ ಆಯ್ಕೆಯಿದೆ. ಅಭಿವೃದ್ಧಿಯ ಹಂತದಲ್ಲಿ ಅನುಕೂಲ. ಅದನ್ನು ತೆಗೆಯದೆ ಬಿಡುಗಡೆ ಮಾಡಿ, ಹೊಸ ಪರದೆಗಾಗಿ ಒಂದು ಅಂಕಣ ಸೇರಿಸಿ ಆವೃತ್ತಿ ಸಂಖ್ಯೆ ಏರಿಸಿದರೆ, ಹಳೆಯ ಟೇಬಲ್ಲನ್ನು ಹೊಸ ರೂಪಕ್ಕೆ ತರುವ ವಲಸೆಯ ಕೋಡ್ ಇಲ್ಲದಿದ್ದಲ್ಲಿ ಫೋನಿನಲ್ಲಿರುವ ಟೇಬಲ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟುತ್ತದೆ. ಇನ್ನೂ ಸರ್ವರ್‌ಗೆ ಹೋಗದ ಹಾಲಿನ ದಾಖಲೆಯೂ ಅದರ ಜತೆಗೆ. ಟೇಬಲ್‌ಗಳ ಪ್ರತಿ ಬದಲಾವಣೆಗೂ ಸಂಖ್ಯೆ ಹಾಕಿದ ಸ್ಕ್ರಿಪ್ಟ್ ಬೇಕು, ನಿಜವಾದ ಹಳೆಯ ಕಡತದ ಪ್ರತಿಯ ಮೇಲೆ ಅದನ್ನು ಓಡಿಸಿ ನೋಡಿರಬೇಕು.

ಇದೆಲ್ಲ ಹೊಸ ಚಿಂತನೆಯೇನಲ್ಲ. ದತ್ತಾಂಶ ಒಳಗೆ ಹೇಗೆ ಜೋಡಣೆಯಾಗಿದೆ ಎಂಬುದರಿಂದ ಬಳಸುವವರನ್ನು ಕಾಪಾಡಬೇಕೆಂದು ಐಬಿಎಂನ ಎಡ್ಗರ್ ಕಾಡ್ 1970ರಲ್ಲೇ ಬರೆದರು. ಬದಲಾಗುವ ಸಾಧ್ಯತೆಯಿರುವ ತೀರ್ಮಾನಗಳನ್ನು ಒಂದೊಂದು ಮಾಡ್ಯೂಲ್‌ನೊಳಗೆ ಅಡಗಿಸಬೇಕೆಂದು ಡೇವಿಡ್ ಪಾರ್ನಸ್ 1972ರಲ್ಲಿ ತೋರಿಸಿದರು. ಕೋಡ್ ಸ್ವಲ್ಪ ಹೆಚ್ಚಾಗುತ್ತದೆ ಎಂಬ ಆಕ್ಷೇಪ ನಿಜ: ಪ್ರತಿ ಟೇಬಲ್‌ಗೆ ಒಂದೆರಡು ಕ್ಲಾಸ್, ಆಚೆಯಿಂದ ಈಚೆಗೆ ತುಂಬುವ ಹತ್ತಿಪ್ಪತ್ತು ಸಾಲು. ಒಂದು ವಾರದ ಕಾರ್ಯಕ್ರಮಕ್ಕೆ ನೋಂದಣಿ ಫಾರಂ ಮಾಡುವಾಗ ಇದು ಬೇಡ. ಜನರ ಹಣದ ಲೆಕ್ಕಕ್ಕೆ ಬೇಕೇ ಬೇಕು.

ಹಳೆಯ ಲೆಕ್ಕ ಸಾಗಿಸಬೇಕಾದವರಿಗೆ ಒಂದು ಕ್ರಮ. ಮೂಲ ಕಡತವನ್ನು ಮುಟ್ಟಬೇಡಿ, ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಿ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 97ರ ಕಡತವನ್ನು ಆಕ್ಸೆಸ್ 2013 ಮತ್ತು ನಂತರದವು ತೆರೆಯುವುದಿಲ್ಲ. ಆಕ್ಸೆಸ್ 2003 ಅಥವಾ 2010 ಇರುವ ಕಂಪ್ಯೂಟರ್‌ನಲ್ಲಿ ಮೊದಲು ಮೇಲ್ದರ್ಜೆಗೆ ಏರಿಸಬೇಕು. ಆ ಕಡತಗಳನ್ನು ಓದುವ ಹಳೆಯ ಜೆಟ್ ಡ್ರೈವರ್ 32 ಬಿಟ್‌ನದು ಮಾತ್ರ, 64 ಬಿಟ್ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳಲಾರದು. ಆದ್ದರಿಂದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನವೇ ಪ್ರತಿ ಟೇಬಲ್ಲನ್ನೂ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಕಡತವಾಗಿ ಹೊರತೆಗೆಯಿರಿ. ಸಾಲುಗಳ ಸಂಖ್ಯೆ, ತಿಂಗಳುವಾರು ಲೀಟರ್ ಮೊತ್ತ, ಪಾವತಿಯ ಮೊತ್ತ ಬರೆದಿಟ್ಟುಕೊಳ್ಳಿ; ಹೊಸದರಲ್ಲೂ ಪೈಸೆ ಪೈಸೆ ಅದೇ ಬರಬೇಕು. ಹಳೆಯ ಫಾಂಟಿನ ಹೆಸರುಗಳನ್ನು ಪರಿವರ್ತಿಸಿದ ಮೇಲೆ ಪಟ್ಟಿ ಮುದ್ರಿಸಿ, ಸದಸ್ಯರನ್ನು ಬಲ್ಲ ಕಾರ್ಯದರ್ಶಿಯಿಂದಲೇ ಓದಿಸಿ. ಒಂದು ಬಟವಾಡೆ ಅವಧಿ ಮುಗಿಯುವವರೆಗೆ ಹಳೆಯದು ಹೊಸದು ಎರಡನ್ನೂ ನಡೆಸಿ, ಬಿಲ್ ತಾಳೆ ನೋಡಿ.

ಹೊಸ ತಂತ್ರಾಂಶಕ್ಕೆ ಒಪ್ಪಂದ ಮಾಡಿಕೊಳ್ಳುವ ಆಡಳಿತ ಮಂಡಳಿಗಳು ಮೂರನ್ನು ಬರವಣಿಗೆಯಲ್ಲಿ ಕೇಳಲಿ. ಟೇಬಲ್‌ಗಳನ್ನು ಕಟ್ಟುವ ಪೂರ್ಣ ಸ್ಕ್ರಿಪ್ಟ್ ಮತ್ತು ಪ್ರತಿ ಅಂಕಣದ ಅರ್ಥ, ಅಳತೆ, ಸಂಕೇತಗಳನ್ನು ಕನ್ನಡದಲ್ಲಿ ವಿವರಿಸುವ ಪಟ್ಟಿ. ಎಲ್ಲ ದತ್ತಾಂಶವನ್ನೂ ಸಂಘದವರೇ ಯಾವಾಗ ಬೇಕಾದರೂ ಸಿಎಸ್‌ವಿಯಾಗಿ ಹೊರತೆಗೆಯುವ ವ್ಯವಸ್ಥೆ. ಮೂರನೆಯದು ಒಂದು ಪರೀಕ್ಷೆ, ಕೊನೆಯ ಕಂತಿನ ಹಣ ಕೊಡುವ ಮುನ್ನ ನಡೆಯಬೇಕಾದ್ದು: ಒಂದೂ ಫಾರಂ ತೆರೆಯದೆ, ಬರಿಯ ಕಪ್ಪು ಟರ್ಮಿನಲ್ ಕಿಟಕಿಯಲ್ಲಿ, ಸಂಗ್ರಹದ ಮಾಡ್ಯೂಲ್ ಒಂದನ್ನೇ ಬಳಸಿ, ಹೊಸ ಸದಸ್ಯರೊಬ್ಬರನ್ನು ಸೇರಿಸಿ, ಎರಡು ಹೊತ್ತಿನ ಹಾಲು ದಾಖಲಿಸಿ, ಅವರ ಬಿಲ್ ಮುದ್ರಿಸಿ ತೋರಿಸಬೇಕು. ಐವತ್ತು ಅರವತ್ತು ಸಾಲಿನ ಪ್ರೋಗ್ರಾಂ ಅದು. ಅದು ಓಡದಿದ್ದರೆ ಎಲ್ಲಿ ನಿಂತಿತು, ಯಾವ ಫಾರಂ ಕೇಳಿತು ಎಂಬುದನ್ನು ಅಲ್ಲೇ ಬರೆಸಿಕೊಂಡು, ಸರಿಪಡಿಸಿದ ಮೇಲೆಯೇ ಚೆಕ್ ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಂತ್ರಾಂಶ ಎಂಜಿನಿಯರ್
ಶಿವಮೊಗ್ಗ